ಡೆಡ್‌ವುಡ್ ಮತ್ತು ಡಬ್ಬಿಯ ಪೀಚ್ ಹಣ್ಣು

ಡೇವಿಡ್ ಮಿಲ್ಚ್ ರೂಪಿಸಿದ, 2004ರಿಂದ 2006ರವರೆಗೆ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರವಾದ ‘ಡೆಡ್‌ವುಡ್’ ಧಾರಾವಾಹಿಯ 36 ಕಂತುಗಳನ್ನು ಎರಡನೆಯ ಬಾರಿ ನೋಡಿ ಮುಗಿಸಿದೆ. 1876ರಲ್ಲಿ, ಒಪ್ಪಂದದ ಪ್ರಕಾರ ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರಿಗೆ ಸೇರಿದ್ದ ನೆಲದಲ್ಲಿ, ಚಿನ್ನದ ಆಸೆಗೆ ತಲೆಯೆತ್ತಿದ ಡೆಡ್‌ವುಡ್ ಎಂಬ ಊರಿಗೆ ಕಾನೂನೇ ಇರಲಿಲ್ಲ. ಅದು ತನ್ನ ಕಟ್ಟಳೆಗಳನ್ನು ತಾನೇ ಹೇಗೆ ಕಂಡುಕೊಂಡಿತೆಂಬುದೇ ಇದರ ಕಥೆ, ಬಂದೂಕಿನ ಕಾಳಗವೆಲ್ಲ ನೆಪ. ಸಿಡುಬು ಹಬ್ಬಿದಾಗ ಊರಿನ ಪ್ರಮುಖರು ಸಭೆ ಸೇರುವುದು ಕೊಲೆಗೂ ಹೇಸದ ಅಲ್ ಸ್ವೆರೆಂಜನ್‌ನ ಹೆಂಡದಂಗಡಿಯಲ್ಲಿ. ಬಂದವರಿಗೆಂದು ಡಬ್ಬಿಯ ಪೀಚ್ ಹಣ್ಣುಗಳನ್ನು ಇಟ್ಟಿರುತ್ತಾರೆ. ಪಂಚಾಯಿತಿಯೊಂದು ಹುಟ್ಟುವ ಗಳಿಗೆಯನ್ನು ಇಷ್ಟು ಹತ್ತಿರದಿಂದ ನಾನು ಬೇರೆಲ್ಲೂ ಕಂಡಿಲ್ಲ. ಬೈಗುಳ ವಿಪರೀತ, ಮನೆಮಂದಿಯೆಲ್ಲ ಕೂತು ನೋಡುವಂಥದ್ದಲ್ಲ. ಆದರೆ ಆ ಬೈಗುಳದ ನಡುವೆಯೇ ಹಳೆಯ ನಾಟಕದ ಗತ್ತಿನ ಉದ್ದುದ್ದ ಮಾತುಗಳು ಬರುತ್ತವೆ, ಸ್ವೆರೆಂಜನ್ ಪಾತ್ರದ ಇಯಾನ್ ಮೆಕ್‌ಶೇನ್ ಆಡಿದ ಕೆಲವನ್ನಂತೂ ಹಿಂದಕ್ಕೆ ಸರಿಸಿ ಮೂರು ಮೂರು ಸಲ ಕೇಳಿದ್ದೇನೆ.