"ನೀವು ಗ್ರಹಣ ನಂಬ್ತೀರೇನ್ರಿ?"

ಸೂರ್ಯಗ್ರಹಣ ಒಂದು ವಾರ ಇದೆ ಎನ್ನುವಾಗ ಈ ಪ್ರಶ್ನೆ ಶುರುವಾಗುತ್ತದೆ. ಕಿರಾಣಿ ಅಂಗಡಿಯಲ್ಲಿ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ. "ಸರ್, ನೀವು ಗ್ರಹಣ ನಂಬ್ತೀರೇನ್ರಿ?" ಬಾಯಿಂದ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಮೊದಲ ತಕರಾರು ಪ್ರಶ್ನೆಯ ಮೇಲೆಯೇ. ಗ್ರಹಣ ನಂಬುವಂಥದ್ದಲ್ಲ, ಬಿಡುವಂಥದ್ದೂ ಅಲ್ಲ. ಚಂದ್ರ ಸೂರ್ಯನಿಗೆ ಅಡ್ಡ ಬರುತ್ತಾನೆ, ಅವನ ನೆರಳು ನಮ್ಮ ನೆಲದ ಮೇಲೆ ಬೀಳುತ್ತದೆ. ನೀವು ಬಾಗಿಲು ಹಾಕಿಕೊಂಡರೂ ಬೀಳುತ್ತದೆ. ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆ: "ಆವತ್ತ ಉಣಬಹುದೇನು? ಸೊಸಿ ಬಸುರಿ ಇದ್ದಾಳ, ಹೊರಗ ಹೋಗಬಹುದೇನು?" ನೆಟ್ಟಗೆ ಕೇಳಿದರೆ ಉತ್ತರವೂ ನೆಟ್ಟಗೆ ಇದೆ. ಉಣಬಹುದು. ಹೋಗಬಹುದು. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು, ಅಷ್ಟೇ. ಅದು ಬಸುರಿಗೂ ಅನ್ವಯ, ಮೀಸೆ ಹೊತ್ತ ಮಾವನಿಗೂ ಅನ್ವಯ.

"ಹಂಗಾರ ಹಿರಿಯಾರು ಸುಳ್ಳ ಹೇಳ್ಯಾರೇನ್ರಿ?" ಇದು ಹಿಂದಿಂದೆಯೇ ಬರುತ್ತದೆ. ಹಿರಿಯರು ಹೇಳಿದ್ದನ್ನಾದರೂ ಪೂರ್ತಿ ಕೇಳಿದ್ದೀರಾ? ಆಚರಣೆಯ ನಿಯಮ ಹೇಳುವ ಧರ್ಮಸಿಂಧುವಿನಂಥ ನಿಬಂಧ ಗ್ರಂಥಗಳಲ್ಲಿ ಸೂರ್ಯಗ್ರಹಣಕ್ಕೆ ನಾಲ್ಕು ಪ್ರಹರ, ಅಂದರೆ 12 ಗಂಟೆ ಮೊದಲಿನಿಂದ ವೇಧ, ಉಣ್ಣಬಾರದ ಹೊತ್ತು. ಚಂದ್ರಗ್ರಹಣಕ್ಕೆ ಮೂರು ಪ್ರಹರ, 9 ಗಂಟೆ. ಸ್ಪರ್ಶಕ್ಕೆ, ಅಂದರೆ ಗ್ರಹಣ ಹಿಡಿಯುವಾಗ, ಒಂದು ಸ್ನಾನ, ನಡುವೆ ಜಪ ತರ್ಪಣ, ಬಿಡುವ ಹೊತ್ತಿಗೆ ದಾನ, ಮೋಕ್ಷವಾದ ಮೇಲೆ, ಅಂದರೆ ಪೂರ್ತಿ ಬಿಟ್ಟ ಮೇಲೆ, ಮತ್ತೆ ಸ್ನಾನ. ಇಷ್ಟು ಎಲ್ಲರಿಗೂ ಗೊತ್ತು. ಯಾರೂ ಓದಿ ಹೇಳದ ಸಾಲುಗಳು ಎರಡು. ಮಕ್ಕಳು, ಮುದುಕರು, ರೋಗಿಗಳಿಗೆ ವೇಧವನ್ನು ಕೆಲವೇ ಗಂಟೆಗಳಿಗೆ ಇಳಿಸಿದ್ದಾರೆ. ಮತ್ತೆ, ಗ್ರಹಣ ಕಾಣದ ಊರಿಗೆ ಆಚರಣೆಯೇ ಇಲ್ಲ. ಮೋಡ ಮುಚ್ಚಿದ್ದರೆ ಆ ಮಾತು ಬೇರೆ, ಗಣಿತದಿಂದ ಹೊತ್ತು ತಿಳಿದು ಸ್ನಾನ ಮಾಡು ಎನ್ನುತ್ತಾರೆ. ಆದರೆ 2024ರ ಏಪ್ರಿಲ್ 8ರಂದು ಅಮೆರಿಕದಲ್ಲಿ ಹಿಡಿದ ಗ್ರಹಣಕ್ಕೆ ಹಾವೇರಿಯಲ್ಲಿ ಮೊಸರಿನ ಗಡಿಗೆಗೆ ದರ್ಭೆ ಹಾಕುವುದು ಯಾವ ಶಾಸ್ತ್ರ? ಶಾಸ್ತ್ರದ ಲೆಕ್ಕದಲ್ಲೂ ಅದು ತಪ್ಪೇ.

ಬಸುರಿಯರ ವಿಷಯ ಸ್ವಲ್ಪ ನಿಂತು ಹೇಳಬೇಕು. ಗ್ರಹಣದಾಗ ಈಳಿಗೆ, ಕತ್ತರಿ ಮುಟ್ಟಿದರೆ ಕೂಸಿಗೆ ಸೀಳುತುಟಿ ಎಂಬ ಹೆದರಿಕೆ. ಹೊಟ್ಟೆಯಲ್ಲಿ ಕೂಸಿನ ಮೇಲ್ದುಟಿ ಕೂಡಿಕೊಳ್ಳುವುದು ನಾಲ್ಕರಿಂದ ಏಳನೇ ವಾರದೊಳಗೆ, ಬಾಯಿಯ ಮೇಲ್ಭಾಗದ ಅಂಗಳ ಆರರಿಂದ ಒಂಬತ್ತನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ಬಸುರಾದದ್ದೇ ಖಾತ್ರಿ ಇರದ ಹೊತ್ತು ಅದು. ನೀವು ಕತ್ತಲೆಕೋಣೆಯಲ್ಲಿ ಕೂರಿಸುವುದು ಏಳು ತಿಂಗಳು ತುಂಬಿದವಳನ್ನು. ಅಷ್ಟೊತ್ತಿಗೆ ತುಟಿ ಕೂಡಿ ತಿಂಗಳುಗಳೇ ಆಗಿರುತ್ತವೆ. ವಂಶವಾಹಿ, ತಂಬಾಕು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಫಿಟ್ಸಿಗೆ ಕೊಡುವ ಕೆಲವು ಗುಳಿಗೆಗಳು: ವೈದ್ಯರು ಹೆಸರಿಸುವ ಕಾರಣಗಳು ಇಂಥವು. ರಾಹುವಿನ ಹೆಸರು ಅದರಲ್ಲಿಲ್ಲ. 12 ತಾಸು ನೀರಿಲ್ಲದೆ, ಅನ್ನವಿಲ್ಲದೆ ಕೂತವಳಿಗೆ ತಲೆ ತಿರುಗುವುದು ಮಾತ್ರ ಖಾತ್ರಿ, ಅದು ನಿಮ್ಮದೇ ಕೈಕೆಲಸ.

ಇದಕ್ಕಿಂತ ಕೆಟ್ಟದ್ದೂ ಆಗಿದೆ. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಹತ್ತಿರದ ಹಳ್ಳಿಯಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು, ಕೈಕಾಲು ಸರಿಹೋಗುತ್ತವೆ ಅಂತ. ಅದರ ಫೋಟೋ ನೋಡಿದ ಮೇಲೂ "ನಂಬಿಕಿಯಿಂದ ಯಾರಿಗೇನ್ ತ್ರಾಸ್ರಿ" ಎನ್ನುವವರ ಜೊತೆ ನನಗೆ ಮಾತಿಲ್ಲ.

ಇನ್ನು ಒನಕಿ. ಗ್ರಹಣ ಹಿಡಿದಾಗ ಹಿತ್ತಾಳೆ ಪರಾತದಲ್ಲಿ ನೀರು ಹಾಕಿ ಒನಕಿ ನಿಲ್ಲಿಸಿ, ವಿಡಿಯೋ ಮಾಡಿ, "ಇದಕ್ಕೇನಂತೀರಿ?" ಎಂದು ಕಳಿಸುತ್ತೀರಿ. ಸೂತಕವೇ ಇಲ್ಲ ಎನ್ನುವ ಮನೆಗಳಿಂದಲೂ ಈ ವಿಡಿಯೋ ಬರುತ್ತದೆ, ಅದೊಂದು ಮಜಾ. ಏನನ್ನಲಿ? ಒನಕಿ ಐದು ಅಡಿ, ಅಂದರೆ 60 ಇಂಚು ಉದ್ದ, ತಳ ಎರಡೂವರೆ ಇಂಚು ಅಗಲ ಅಂತ ಹಿಡಿಯಿರಿ. ಭಾರದ ನಡುಬಿಂದು 30 ಇಂಚಿನ ಮೇಲಿದೆ. ಆ ಬಿಂದುವಿನಿಂದ ಬಿಟ್ಟ ತೂಗುಗುಂಡು ತಳದ ಅಂಚು ದಾಟುವವರೆಗೆ ಒನಕಿ ಬೀಳುವುದಿಲ್ಲ. ಲೆಕ್ಕ ಹಾಕಿದರೆ ತುದಿ ಎರಡೂವರೆ ಇಂಚು ವಾಲುವ ತನಕ ಅದು ನಿಂತೇ ಇರಬೇಕು. ತಳ ಎಷ್ಟು ಅಗಲವೋ ತಲೆಗೆ ಅಷ್ಟು ಸಲಿಗೆ. ಹಾಗಾಗಿ ಒನಕಿ ಹುಣ್ಣಿಮೆಗೂ ನಿಲ್ಲುತ್ತದೆ, ಸುಮ್ಮನೆ ಒಂದು ಮಂಗಳವಾರವೂ ನಿಲ್ಲುತ್ತದೆ. ಉಳಿದ ದಿನ ಯಾರೂ ನಿಲ್ಲಿಸಿ ನೋಡುವುದಿಲ್ಲ, ಮೂಲೆಗೆ ಆನಿಸಿ ಇಡುತ್ತೀರಿ. ಎರಡಿಂಚು ನೀರು ಅಷ್ಟು ತೂಕದ ಕಟ್ಟಿಗೆಯನ್ನು ಹಿಡಿದು ನಿಲ್ಲಿಸಲಾರದು, ನೀರು ಚೆಲ್ಲಿಯೂ ನಿಲ್ಲಿಸಿ.

ನಿಲ್ಲದಿದ್ದರೆ ಕಾರಣ ಹುಡುಕುವುದೂ ಸುಲಭ. ಕುಟ್ಟಿ ಕುಟ್ಟಿ ತಳ ದುಂಡಗೆ ಸವೆದಿರುತ್ತದೆ. ಅಥವಾ ಪರಾತದ ಅಡಿ ನಡುವೆ ಉಬ್ಬಿರುತ್ತದೆ. ಅಥವಾ ಬಚ್ಚಲ ಕಡೆ ಇಳಿಜಾರಾದ ಫರಸಿಯ ಮೇಲೆ ಇಟ್ಟಿರುತ್ತೀರಿ. ತಳಕ್ಕೆ ಕಬ್ಬಿಣದ ಬಳೆ ಹಾಕಿದ ಒನಕಿ, ದಪ್ಪ ಪರಾತ, ಸಪಾಟಾದ ನೆಲ, ಬಂದಾದ ಫ್ಯಾನು. ಎರಡು ಕೈಯಿಂದ ಹಿಡಿದು, ಭಾರ ತಳಕ್ಕೆ ಕೂತ ಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿ. "ಗ್ರಹಣ ಬಿಟ್ಟ ಕೂಡಲೇ ಬೀಳ್ತದ್ರಿ" ಎನ್ನುತ್ತೀರಿ. ಬೀಳುವುದಿಲ್ಲ. ಗ್ರಹಣ ಬಿಟ್ಟ ಕೂಡಲೇ ನೀವೇ ಎತ್ತಿಡುತ್ತೀರಿ. ಒಮ್ಮೆ ಮರುದಿನದವರೆಗೆ ಬಿಟ್ಟು ನೋಡಿ.

ಹಟದಿಂದ ನಂಬುವವರಿಗಿಂತ ನನಗೆ ತ್ರಾಸು ಕೊಡುವವರು "ಇದರ ಹಿಂದ ವಿಜ್ಞಾನ ಐತ್ರಿ" ಎನ್ನುವ ಓದಿದ ಮಂದಿ. ಗ್ರಹಣದಾಗ ಕೆಟ್ಟ ಕಿರಣ ಬರುತ್ತವಂತೆ, ದರ್ಭೆ ಅದನ್ನು ಹೀರುತ್ತದಂತೆ. ಅದೇ ಸೂರ್ಯ, ಅದೇ ಕಿರಣ. ಗ್ರಹಣದಲ್ಲಿ ಅವು ಕಡಿಮೆಯಾಗುತ್ತವೆ, ಹೊಸದಾಗಿ ಏನೂ ಹುಟ್ಟುವುದಿಲ್ಲ. ಬಿಸಿಲಿಲ್ಲದ್ದಕ್ಕೆ ಅಡುಗೆ ಹಳಸುತ್ತದೆ ಅನ್ನುವುದಾದರೆ ದಿನಾ ರಾತ್ರಿ 12 ತಾಸು ಏನಾಗುತ್ತದೆ? ಮುಚ್ಚಿಟ್ಟ ಅನ್ನದ ಬೋಗುಣಿಗೆ ಬಿಸಿಲು ತಾಗಿದ್ದಾದರೂ ಯಾವಾಗ? ಮುಂಜಾನೆ ಮಾಡಿದ ಅನ್ನ ಸಂಜೆವರೆಗೆ ಹೊರಗಿಟ್ಟರೆ ಹಳಸುತ್ತದೆ, ಅದಕ್ಕೆ ರಾಹು ಬೇಕಿಲ್ಲ. ದರ್ಭೆ ಹಾಕಬೇಕೆನ್ನಿಸಿದರೆ ಹಾಕಿ, "ನಮ್ಮ ಮನಿ ಪದ್ಧತಿ" ಎನ್ನಿ. ಅದು ಪ್ರಾಮಾಣಿಕ ಮಾತು, ಅದಕ್ಕೆ ನನ್ನ ತಕರಾರಿಲ್ಲ. ಪದ್ಧತಿಗೆ ಪ್ರಯೋಗಾಲಯದ ಕೋಟು ಹಾಕಬೇಡಿ.

ಇಷ್ಟು ಜನ ಕೇಳುತ್ತಾರಲ್ಲ, ಒಬ್ಬರಾದರೂ ಇದನ್ನು ಕೇಳಬಾರದೇ: ಪಂಚಾಂಗ ಬರೆಯುವವರಿಗೆ ಗ್ರಹಣ ಇಂಥ ದಿನ, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಅಂತ ವರ್ಷ ಮೊದಲೇ ಗೊತ್ತಾಗುವುದು ಹೇಗೆ? ಯಾವ ರಾಶಿಗೆ ಕೆಡುಕು ಅಂತ ಬೆರಳಿಟ್ಟು ಓದುವವರು ಅದರ ಪಕ್ಕದಲ್ಲೇ ಇರುವ ಸ್ಪರ್ಶ, ಮಧ್ಯ, ಮೋಕ್ಷದ ಅಂಕಿಗಳ ಮೇಲೆ ಕಣ್ಣು ಹಾಯಿಸಿ ಸುಮ್ಮನಾಗುತ್ತಾರೆ.

ಚಂದ್ರನ ದಾರಿ ಸೂರ್ಯನ ದಾರಿಗೆ 5 ಡಿಗ್ರಿಗಿಂತ ತುಸು ಹೆಚ್ಚು ಓರೆಯಾಗಿದೆ. ಅದಕ್ಕೇ ಪ್ರತಿ ಅಮಾವಾಸ್ಯೆಗೆ ಗ್ರಹಣವಿಲ್ಲ. ಎರಡೂ ದಾರಿ ಒಂದನ್ನೊಂದು ದಾಟುವ ಎರಡು ಬಿಂದುಗಳೇ ಗಣಿತದ ರಾಹು ಮತ್ತು ಕೇತು. ಅಮಾವಾಸ್ಯೆ ಹೊತ್ತಿಗೆ ಸೂರ್ಯ ಇವುಗಳಲ್ಲೊಂದರಿಂದ ಸುಮಾರು 15 ಡಿಗ್ರಿಯೊಳಗೆ ಬಂದಿದ್ದರೆ ಭೂಮಿಯ ಮೇಲೆ ಎಲ್ಲಾದರೂ ಗ್ರಹಣ ಆಗಲೇಬೇಕು. ಈ ಬಿಂದುಗಳು ಹಿಂದಕ್ಕೆ ಸರಿಯುತ್ತ 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. "ರಾಹು ಯಾವಾಗಲೂ ವಕ್ರಗತಿ, ಒಂದು ರಾಶಿಗೆ ಒಂದೂವರೆ ವರ್ಷ" ಎಂದು ಜೋಯಿಸರು ಹೇಳುವುದು ಇದನ್ನೇ, 18.6ನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಗ್ರಹಣವೆಂದರೆ ನೆರಳು, ಮುಚ್ಚುವಿಕೆ ಎಂದು ಕ್ರಿ.ಶ. 499ರ ಆರ್ಯಭಟೀಯದಲ್ಲೇ ಇದೆ. ಸೂರ್ಯಗ್ರಹಣದ ಲೆಕ್ಕ ಚಂದ್ರಗ್ರಹಣಕ್ಕಿಂತ ಕಠಿಣ, ಯಾಕೆಂದರೆ ನೋಡುವವನು ಎಲ್ಲಿ ನಿಂತಿದ್ದಾನೆ ಅನ್ನುವುದರ ಮೇಲೆ ಚಂದ್ರ ಪಕ್ಕಕ್ಕೆ ಸರಿದಂತೆ ಕಾಣುತ್ತಾನೆ. ಆ ತಿದ್ದುಪಡಿಗೆ ನಮ್ಮ ಗಣಿತದಲ್ಲಿ ಲಂಬನ, ನತಿ ಎಂಬ ಹೆಸರುಗಳಿವೆ. ಹಾಗಾಗಿ ದಿಲ್ಲಿಯ ಸಮಯ ಹಾಕಿದ ಫಾರ್ವರ್ಡ್ ನೋಡಿ ಗದಗಿನಲ್ಲಿ ಸ್ನಾನಕ್ಕೆ ಇಳಿಯಬೇಡಿ. ಚಂದ್ರಗ್ರಹಣ ಎಲ್ಲ ಊರಿಗೂ ಒಂದೇ ಕ್ಷಣಕ್ಕೆ, ಸೂರ್ಯಗ್ರಹಣ ಹಾಗಲ್ಲ.

ಇನ್ನೊಂದು ಲೆಕ್ಕ. 18 ವರ್ಷ 11 ದಿನ 8 ಗಂಟೆಗೆ ಗ್ರಹಣವೊಂದು ಅದೇ ಚಹರೆಯಲ್ಲಿ ಮರಳುತ್ತದೆ. ಆ 8 ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುವುದರಿಂದ ಬೇರೆ ದೇಶದ ಮೇಲೆ ಬೀಳುತ್ತದೆ. 1980ರ ಫೆಬ್ರುವರಿ 16ರ ಮಧ್ಯಾಹ್ನ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಮೂರು ನಿಮಿಷದೊಳಗಿನ ಪೂರ್ಣ ಕತ್ತಲೆ ಬಿತ್ತಲ್ಲ, ಅದೇ ಸರಣಿಯ ಗ್ರಹಣ 1998ರಲ್ಲಿ ಕೆರಿಬಿಯನ್ ಕಡೆ, 2016ರಲ್ಲಿ ಇಂಡೋನೇಷ್ಯಾದ ಮೇಲೆ ಹಾಯ್ದು, 2034ರ ಮಾರ್ಚ್ 20ರಂದು ಮತ್ತೆ ಭಾರತಕ್ಕೆ ಬರುತ್ತದೆ. ಹುಬ್ಬಳ್ಳಿಗಲ್ಲ, ಬಡಗಣ ತುದಿಗೆ, ಲಡಾಖ್ ಕಡೆಗೆ. ದೇಶದೇಶಗಳ ವಿಜ್ಞಾನಿಗಳು ದುರ್ಬೀನು ಹೊತ್ತು ನಮ್ಮ ಸೀಮೆಗೆ ಬಂದಿದ್ದ ದಿನ ಇಲ್ಲಿನ ಎಷ್ಟೋ ಮಂದಿ ಕದ ಹಾಕಿಕೊಂಡು ಒಳಗೆ ಕೂತಿದ್ದರು. ಅಂಥ ಹೊತ್ತು ಒಂದೂರಿಗೆ ಸರಾಸರಿ ಮೂರು ನಾಲ್ಕು ಶತಮಾನಕ್ಕೊಮ್ಮೆ ಬರುತ್ತದೆ.

ಸದ್ಯಕ್ಕೆ ನಮ್ಮ ಪಾಲಿಗಿರುವುದು 2027ರ ಆಗಸ್ಟ್ 2. ಇದೇ ತಾರೀಕಿನ ಮೇಲೆ 2025ರಲ್ಲಿ "ಜಗತ್ತೆಲ್ಲ ಆರು ನಿಮಿಷ ಕತ್ತಲೆ" ಎಂಬ ಸುಳ್ಳು ಓಡಾಡಿತು. ವರ್ಷವೂ ತಪ್ಪು, ಜಗತ್ತೆಲ್ಲ ಅನ್ನುವುದೂ ತಪ್ಪು. ಆರು ನಿಮಿಷದ ಕತ್ತಲೆ ಈಜಿಪ್ಟಿನ ಲಕ್ಸರ್ ಕಡೆಯವರಿಗೆ. ನಮಗೆ ಸಂಜೆ ಮುಂದೆ ಸೂರ್ಯನ ಒಂದು ಭಾಗ ಮಾತ್ರ ಮುಚ್ಚುತ್ತದೆ.

ಅವತ್ತು ನಾಗರ ಅಮಾವಾಸ್ಯೆ. ಹೋಳಿಗೆ ಯಾವಾಗ ಎಂಬ ಪ್ರಶ್ನೆ ಬಂದೇ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ವೇಧ ಹಿಡಿಯದವರು ಮಧ್ಯಾಹ್ನವೇ ಉಣ್ಣಿ. ಹಿಡಿಯುವವರಿಗೆ ಮುಂಜಾನೆಯಿಂದ ಊಟವಿಲ್ಲ. ಆದರೆ ಗ್ರಹಣ ಸೂರ್ಯ ಮುಳುಗುವ ಮೊದಲೇ ಬಿಡುತ್ತದೆ, ಹಾಗಾಗಿ ಸ್ನಾನ ಮಾಡಿ ರಾತ್ರಿ ಹೋಳಿಗೆಗೆ ಕೂರಬಹುದು. 2022ರ ಅಕ್ಟೋಬರ್ 25ರ ಹಾಗಲ್ಲ. ದೀಪಾವಳಿ ನಡುವೆ ಬಂದ ಆ ಗ್ರಹಣದಲ್ಲಿ ಸೂರ್ಯ ಹಿಡಿದ ಸ್ಥಿತಿಯಲ್ಲೇ ಮುಳುಗಿದ್ದ, ಮರುದಿನ ಬಿಂಬ ನೋಡಿಯೇ ಊಟ ಎಂಬ ಗ್ರಸ್ತಾಸ್ತದ ನಿಯಮ ಅದಕ್ಕಿತ್ತು.

ನೋಡುವುದಕ್ಕೆ ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ಕೂಲಿಂಗ್ ಗ್ಲಾಸು ಬೇಡ. ಕಣ್ಣಿನ ಒಳಪರದೆಗೆ ನೋವು ಗೊತ್ತಾಗುವುದಿಲ್ಲ, ಸುಟ್ಟದ್ದು ತಿಳಿಯುವುದು ಕೆಲವು ತಾಸಿನ ಮೇಲೆ. 14ನೇ ನಂಬರಿನ ವೆಲ್ಡಿಂಗ್ ಗಾಜು ಅಥವಾ ಐಎಸ್‌ಒ 12312-2 ಗುರುತಿನ ಗ್ರಹಣದ ಕನ್ನಡಕ ನಡೆಯುತ್ತದೆ. ಎರಡೂ ಇಲ್ಲದಿದ್ದರೆ ಕೈಗನ್ನಡಿಗೆ ಕಾಗದ ಸುತ್ತಿ, ನಡುವೆ 5 ಮಿಲಿಮೀಟರಿನ ರಂಧ್ರ ಬಿಟ್ಟು, ಬಿಸಿಲನ್ನು 10 ಮೀಟರು ದೂರದ ಕತ್ತಲೆ ಗೋಡೆಗೆ ಹಾಯಿಸಿ. 9 ಸೆಂಟಿಮೀಟರಿನ ಸೂರ್ಯ, ಕಚ್ಚಿದ ಭಾಗದ ಸಮೇತ ಮೂಡುತ್ತಾನೆ. ದೂರವನ್ನು 109ರಿಂದ ಭಾಗಿಸಿದರೆ ಬಿಂಬದ ಅಗಲ ಸಿಗುತ್ತದೆ. ರಂಧ್ರ ದೊಡ್ಡದು ಮಾಡಿದರೆ ಬೆಳಕು ಹೆಚ್ಚು, ಅಂಚು ಮಸುಕು. ಕದ ಹಾಕಿಕೊಂಡು ಕೂರುವವರಿಗೂ ಅನುಕೂಲವಿದೆ: ಪಡುವಣ ಕಿಟಕಿಗೆ ರಟ್ಟು ಹಚ್ಚಿ ಪೆನ್ಸಿಲಿನಿಂದ ಒಂದು ತೂತು ಹಾಕಿದರೆ ಎದುರು ಗೋಡೆಯ ಮೇಲೆ ಕೂತಲ್ಲೇ ಗ್ರಹಣ ಕಾಣುತ್ತದೆ. ಮಾಳಿಗೆ ಮನೆಯ ಬೆಳಕಿಂಡಿ ಈ ಸಲ ಉಪಯೋಗವಿಲ್ಲ, ಆ ಹೊತ್ತಿಗೆ ಸೂರ್ಯ ಕೆಳಗಿರುತ್ತಾನೆ.

ಮೋಡದ್ದೇ ಚಿಂತೆ. ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಧಾರವಾಡದವರಿಗೆ ಸೂರ್ಯ ಕಾಣುವ ಭರವಸೆ ಕಡಿಮೆ. ಸೋಮವಾರ ರಜೆ ಹಾಕಿ ಗದಗಿನ ರೈಲು ಹಿಡಿಯಿರಿ, ಆ ಕಡೆ ಮಳೆ ಕಡಿಮೆ. ಒನಕಿ ಮನೆಯಲ್ಲೇ ಇರಲಿ.