ಸಿನ್ ಕಾರಾ ಏನಾದ ಅಂತ ಕೇಳುವವರಿಗೆ

ಟಿವಿಯಲ್ಲಿ ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇಯ ಆಟ ನೋಡಿಕೊಂಡು ಬೆಳೆದ ಯಾರ ಜೊತೆ ಮಾತಿಗೆ ಕೂತರೂ ಈ ಪ್ರಶ್ನೆ ಬಂದೇ ಬರುತ್ತದೆ. "ಲೇ, ಆ ನೀಲಿ ಮುಖವಾಡದ ಸಿನ್ ಕಾರಾ ಇದ್ನಲ್ಲ, ಏನಾದ ಅವನು?" ನಾನು ಮೆಕ್ಸಿಕೋದ ಕುಸ್ತಿ ನೋಡುತ್ತೇನೆ ಅಂತ ಗೊತ್ತಿರುವವರು ಇನ್ನೊಂದು ಮಾತು ಸೇರಿಸುತ್ತಾರೆ: "ಅವನಿಗೆ ಸರಿಯಾಗಿ ಆಡೋಕೇ ಬರ್ತಿರ್ಲಿಲ್ಲ ಅಲ್ವಾ?"

ನಾನು ತಿರುಗಿ ಕೇಳುತ್ತೇನೆ. ಯಾವ ಸಿನ್ ಕಾರಾ?

ಯಾಕೆಂದರೆ ಆ ಮುಖವಾಡ ಹಾಕಿದವರು ಇಬ್ಬರು. 2011ರಿಂದ 2013ರವರೆಗೆ ಒಬ್ಬ, ಆಮೇಲೆ 2019ರವರೆಗೆ ಇನ್ನೊಬ್ಬ. ಎರಡನೆಯವನು ಮೊದಲು ಹುನಿಕೋ ಅನ್ನುವ ಹೆಸರಲ್ಲಿ ಆಡುತ್ತಿದ್ದವನು, ಟೆಕ್ಸಸ್‌ನ ಎಲ್ ಪಾಸೋದವನು. ಆಳು ಬದಲಾದದ್ದು ನೋಡುತ್ತಿದ್ದ ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ಸಿನ್ ಕಾರಾ ಅಂದರೆ ಸ್ಪ್ಯಾನಿಷ್‌ನಲ್ಲಿ 'ಮುಖವಿಲ್ಲದವನು'. ಹೆಸರಿಟ್ಟವರು ಇಷ್ಟು ದೂರ ಯೋಚಿಸಿರಲಿಕ್ಕಿಲ್ಲ.

ನೀವೆಲ್ಲ ಕೇಳುವುದು ಮೊದಲನೆಯವನ ಬಗ್ಗೆ. ಅವನ ನಿಜವಾದ ಹೆಸರು ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ನಾನು ಬರೆಯಲ್ಲ. ಮೆಕ್ಸಿಕೋದಲ್ಲಿ ಮುಖವಾಡ ಪಣಕ್ಕಿಟ್ಟು ಆಡಿ ಸೋತವನು ಅಲ್ಲೇ ಅಖಾಡದಲ್ಲಿ ಅದನ್ನು ತೆಗೆದು ತನ್ನ ಹೆಸರು ಹೇಳಬೇಕು. ಇವನು ಇನ್ನೂ ಸೋತಿಲ್ಲ. ಹಾಗಿರುವಾಗ ನಾನ್ಯಾಕೆ ಹೇಳಲಿ?

ಅವನು ಅಲ್ಲಿ ಮಿಸ್ಟಿಕೋ. 2004ರಲ್ಲಿ ಈ ಹೆಸರಲ್ಲಿ ಶುರು ಮಾಡಿದ. ಅವನ ಕಂಪನಿ ಸಿಎಂಎಲ್‌ಎಲ್, 1933ರಿಂದ ನಡೆಯುತ್ತಿರುವುದು. ಶುಕ್ರವಾರ ರಾತ್ರಿ ಮೆಕ್ಸಿಕೋ ಸಿಟಿಯ ಅರೆನಾ ಮೆಕ್ಸಿಕೋ ಕ್ರೀಡಾಂಗಣದಲ್ಲಿ ಅದರ ದೊಡ್ಡ ಆಟ. ಹದಿನಾರು ಸಾವಿರದಷ್ಟು ಜನ ಕೂರುವ ಜಾಗ ಅದು. ಇವನು ಬಂದ ಮೇಲೆ ಅಲ್ಲಿ ಟಿಕೆಟ್‌ಗೆ ನೂಕುನುಗ್ಗಲು. ಅನಾಥ ಮಕ್ಕಳನ್ನು ಸಾಕಲು ಮುಖವಾಡ ಹಾಕಿ ಕುಸ್ತಿ ಆಡುತ್ತಿದ್ದ ಫ್ರೇ ಟೊರ್ಮೆಂಟಾ ಅನ್ನುವ ಪಾದ್ರಿಯೊಬ್ಬರು ನಿಜವಾಗಿಯೂ ಇದ್ದರು. ಇವನು ಅವರ ಕೈಯಲ್ಲಿ ಬೆಳೆದ ಹುಡುಗ ಅಂತ ಕಂಪನಿ ಒಂದು ಕಥೆ ಕಟ್ಟಿತು. ಜನ ಒಪ್ಪಿಕೊಂಡರು. 2006ರ ಸೆಪ್ಟೆಂಬರ್‌ನಲ್ಲಿ ಬ್ಲ್ಯಾಕ್ ವಾರಿಯರ್ ಎಂಬುವನ ಮುಖವಾಡ ಕಳಚಿಸಿದ. 2009ರಲ್ಲಿ ಜಪಾನಿಗೆ ಹೋಗಿ ನ್ಯೂ ಜಪಾನ್ ಕಂಪನಿಯ ಜೂನಿಯರ್ ಪಟ್ಟ ಗೆದ್ದ. ಆಡೋಕೆ ಬರದವನಿಗೆ ಇದೆಲ್ಲ ಆಗುತ್ತಾ?

ಅವನ ಹೆಸರಿನದೇ ಒಂದು ಪಟ್ಟು ಇದೆ, 'ಲಾ ಮಿಸ್ಟಿಕಾ'. ಓಡಿ ಬಂದು ಎದುರಾಳಿಯ ತಲೆಗೆ ಕಾಲು ಹಾಕಿ ನೇತುಬೀಳುತ್ತಾನೆ. ಹಾಗೇ ಅವನ ಮೈಸುತ್ತ ಬುಗುರಿಯ ಥರ ಸುತ್ತುತ್ತಾನೆ. ಕೊನೆಗೆ ತೋಳು ಹಿಡಿದು ನೆಲಕ್ಕೆ ಎಳೆದು ತಿರುಚುತ್ತಾನೆ. ನೋಡೋಕೆ ಇವನೊಬ್ಬನ ಸಾಹಸ ಅನ್ನಿಸುತ್ತದೆ. ವಿಡಿಯೋ ಒಮ್ಮೆ ನಿಧಾನಕ್ಕೆ ಓಡಿಸಿ, ಇವನನ್ನು ಬಿಟ್ಟು ಎದುರಾಳಿಯ ಕಾಲು ನೋಡಿ. ಈ ಕುಸ್ತಿ ಇಬ್ಬರೂ ಒಪ್ಪಿಕೊಂಡು ಸೇರಿ ಆಡುವ ಆಟ. ಅವನು ಪಾದ ಅಗಲ ಮಾಡಿ ನಿಲ್ಲಬೇಕು. ಇವನ ಭಾರ ಯಾವ ಕಡೆ ಹೋಗುತ್ತದೋ ಆ ಕಡೆ ಸೊಂಟ ಕೊಡಬೇಕು. ಸುತ್ತು ಮುಗಿಯುವ ಹೊತ್ತಿಗೆ ಸರಿಯಾಗಿ ಮುಂದಕ್ಕೆ ಬಾಗಬೇಕು. ಅರ್ಧ ಕ್ಷಣ ತಡವಾದರೆ ಇಬ್ಬರೂ ದೊಪ್ಪನೆ ಬೀಳುತ್ತಾರೆ. ನಗುವವರು ನಗುವುದು ಮಾತ್ರ ಮುಖವಾಡದವನನ್ನು ನೋಡಿ.

ಈಗ 2011ಕ್ಕೆ ಬನ್ನಿ. ವರ್ಷದ ಶುರುವಿನಲ್ಲಿ ಡಬ್ಲ್ಯುಡಬ್ಲ್ಯುಇ ಜೊತೆ ಒಪ್ಪಂದ. ಏಪ್ರಿಲ್ 4ಕ್ಕೆ, ಅವರ ವರ್ಷದ ದೊಡ್ಡ ಆಟವಾದ ರೆಸಲ್‌ಮೇನಿಯಾದ ಮಾರನೇ ದಿನ, ರಾ ಕಾರ್ಯಕ್ರಮದಲ್ಲಿ ಪ್ರತ್ಯಕ್ಷ. ಟ್ರ್ಯಾಂಪೊಲಿನ್ ಮೇಲೆ ಒಂದು ಜಿಗಿತ, ಮೇಲಿನ ಹಗ್ಗ ದಾಟಿ ಸೀದಾ ಅಖಾಡದೊಳಗೆ. ನಮ್ಮ ಮನೆಯಲ್ಲಿ ಟೆನ್ ಸ್ಪೋರ್ಟ್ಸ್ ಹಾಕಿಕೊಂಡು ಕೂತಿದ್ದ ನಾವು ಅಣ್ತಮ್ಮಂದಿರು ಎದ್ದು ನಿಂತಿದ್ದೆವು. ಮುಂದಿನ ವಾರಗಳಲ್ಲಿ ಅವನ ಎಡವಟ್ಟು ನೋಡಿ ಬಿದ್ದು ಬಿದ್ದು ನಕ್ಕವರೂ ನಾವೇ.

ಆಗ ನನಗೆ ಗೊತ್ತಿರದ ವಿಷಯ ಒಂದಿತ್ತು. ಅಮೆರಿಕದ ಕುಸ್ತಿಯಲ್ಲಿ ಪಟ್ಟು ಹಾಕುವುದು ಎದುರಾಳಿಯ ಎಡಗಡೆಗೆ. ಎಡಗೈ, ಎಡಗಾಲು, ತಲೆ ಹಿಡಿಯುವುದೂ ಎಡಗಂಕುಳಲ್ಲಿ. ಮೆಕ್ಸಿಕೋದಲ್ಲಿ ಎಲ್ಲ ಬಲಗಡೆಗೆ. ಸಣ್ಣ ವಿಷಯ ಅನ್ನಿಸಬಹುದು. ಇಪ್ಪತ್ತು ವರ್ಷ ರಸ್ತೆಯ ಎಡಬದಿಯಲ್ಲಿ ಸ್ಕೂಟರ್ ಓಡಿಸಿದವನನ್ನು ಬಲಬದಿಯಲ್ಲಿ ಓಡಿಸು ಅಂತ ಬಿಟ್ಟು ನೋಡಿ. ಅದರ ಜೊತೆಗೆ ಅವನಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಆಟದ ನಡುವೆ ಇವರು ಒಬ್ಬರ ಕಿವಿಯಲ್ಲಿ ಒಬ್ಬರು ಮುಂದಿನ ಪಟ್ಟು ಹೇಳಿಕೊಳ್ಳುತ್ತಾರೆ. ಆ ದಾರಿಯೂ ಅರ್ಧ ಮುಚ್ಚಿತ್ತು. ಮೆಕ್ಸಿಕೋದಲ್ಲಿ ಹೆಚ್ಚಾಗಿ ಮೂವರ ವಿರುದ್ಧ ಮೂವರು ಆಡುತ್ತಾರೆ, ಮೂರು ಸುತ್ತಿನಲ್ಲಿ ಎರಡು ಗೆಲ್ಲಬೇಕು. ಒಬ್ಬ ದಣಿದರೆ ಇನ್ನೊಬ್ಬ ನುಗ್ಗುತ್ತಾನೆ, ಉಸಿರು ತಗೊಳ್ಳಲು ಸಮಯ ಇರುತ್ತದೆ. ಅಮೆರಿಕದಲ್ಲಿ ಒಬ್ಬನೇ, ಅದೂ ಟಿವಿಯ ಆರೇಳು ನಿಮಿಷದಲ್ಲಿ. ಸಾಲದ್ದಕ್ಕೆ ಇವನ ಆಟಕ್ಕೆ ಮಾತ್ರ ದೀಪ ತಗ್ಗಿಸಿ ನೀಲಿ-ಹಳದಿ ಬೆಳಕು ಬಿಡುತ್ತಿದ್ದರು. ಆ ಮಬ್ಬಿನಲ್ಲಿ ಹಾರಿ ಬರುವವನನ್ನು ಹಿಡಿಯಬೇಕಾದವನಿಗೆ ನೆಟ್ಟಗೆ ಕಾಣುತ್ತಿತ್ತಾ ಅಂತ ನನಗೆ ಈಗಲೂ ಅನುಮಾನ.

ಹಾಗಂತ ಅವನದೇನೂ ತಪ್ಪಿಲ್ಲ ಅನ್ನುತ್ತಿಲ್ಲ. ಅದೇ ವರ್ಷ ಜುಲೈನಲ್ಲಿ ಕಂಪನಿಯ ಮದ್ದು-ಮಾತ್ರೆ ನಿಯಮ ಮುರಿದ ಅಂತ 30 ದಿನ ಅಮಾನತು. ಆಗಲೇ ಹುನಿಕೋಗೆ ಆ ಮುಖವಾಡ ಮೊದಲು ಸಿಕ್ಕಿದ್ದು. ವಾಪಸ್ ಬಂದ, ಇಬ್ಬರು ಸಿನ್ ಕಾರಾಗಳ ಜಗಳವನ್ನೇ ಕಥೆ ಮಾಡಿದರು, ಅಕ್ಟೋಬರ್‌ನಲ್ಲಿ ಮೆಕ್ಸಿಕೋ ಸಿಟಿಯಲ್ಲೇ ನಕಲಿಯ ಮುಖವಾಡ ಕಳಚಿಸಿದ. ಮರುತಿಂಗಳು ಅವರ ಇನ್ನೊಂದು ದೊಡ್ಡ ಆಟ ಸರ್ವೈವರ್ ಸೀರೀಸ್‌ನಲ್ಲಿ ಹೊರಗೆ ಹಾರುವಾಗ ಮಂಡಿಯ ಸ್ನಾಯುರಜ್ಜು ಹರಿಯಿತು, 2012ರ ಮಧ್ಯದವರೆಗೆ ಮನೆಯಲ್ಲೇ. 2013ರಲ್ಲಿ ಆಟ ಶುರುವಾದ ಸ್ವಲ್ಪದರಲ್ಲೇ ಬೆರಳು ಕೀಲು ತಪ್ಪಿ ಆಟ ನಿಂತೇಹೋಯಿತು. ಅಲ್ಲಿಗೆ ಮುಗಿಯಿತು. ಮುಖವಾಡ ಹುನಿಕೋಗೆ ಹೋಯಿತು. ಅವನು ಇವನಷ್ಟು ಹಾರುವವನಲ್ಲ. ಆದರೆ ಎರಡೂ ಕಡೆಯ ಭಾಷೆ, ಎರಡೂ ಕಡೆಯ ಕುಸ್ತಿ ಬರುತ್ತಿತ್ತು. ಆರು ವರ್ಷ ಬಾಳಿದ.

ಊರಿಗೆ ವಾಪಸ್ ಬಂದರೆ ಅಲ್ಲಿ ಹೆಸರೇ ಇಲ್ಲ! ಮಿಸ್ಟಿಕೋ ಅನ್ನುವ ಹೆಸರು ಸಿಎಂಎಲ್‌ಎಲ್‌ನದು. ಅವರು ಅದನ್ನು ಆಗಲೇ ಬೇರೊಬ್ಬ ಹುಡುಗನಿಗೆ ಕೊಟ್ಟಿದ್ದರು. ಸಿನ್ ಕಾರಾ ಅಮೆರಿಕದವರ ಹತ್ತಿರ ಉಳಿಯಿತು. ಹಾಗಾಗಿ 2014ರಲ್ಲಿ ಎದುರಾಳಿ ಕಂಪನಿ ಟ್ರಿಪಲ್ ಎ ಸೇರಿದಾಗ 'ಮಿಸ್ಟೆಜಿಸ್' ಅಂತ ಮಾಡಿಕೊಂಡ. 2015ರಲ್ಲಿ ಹಳೇ ಮನೆಗೆ ಬಂದ. ಅಲ್ಲಿ ಸಿನ್ ಕಾರಾ, ಮಿಸ್ಟಿಕೋ ಎರಡನ್ನೂ ಕಲಸಿ 'ಕಾರಿಸ್ಟಿಕೋ' ಆದ. ಕೊನೆಗೆ 2021ರಲ್ಲಿ ಆ ಹುಡುಗ ಕಂಪನಿ ಬಿಟ್ಟ ಮೇಲೆ ತನ್ನ ಹಳೇ ಹೆಸರು ತನಗೇ ಸಿಕ್ಕಿತು.

ಆಮೇಲೂ ಹೊರದೇಶಕ್ಕೆ ಹೋಗುತ್ತಿದ್ದಾನೆ. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಇನ್ನೊಂದು ಕಂಪನಿ ಎಇಡಬ್ಲ್ಯುನಲ್ಲಿ ಆಡಿದ. ಎದುರಿಗಿದ್ದವನು ರಾಕಿ ರೊಮೆರೊ, ಮೆಕ್ಸಿಕೋದ ಆಟ ಚೆನ್ನಾಗಿ ಗೊತ್ತಿರುವವನು. ಈ ಸಲ ಇವನು ಮಿಸ್ಟಿಕೋ ಆಗಿಯೇ ಹೋದ, ದೀಪವೂ ತಗ್ಗಿಸಲಿಲ್ಲ. 2025ರ ಜೂನ್ 18ಕ್ಕೆ ಆ ಎಇಡಬ್ಲ್ಯುನೇ ಅರೆನಾ ಮೆಕ್ಸಿಕೋಗೆ ಬಂತು. ಎಂಜೆಎಫ್ ಎಂಬ ಅಮೆರಿಕದವನು ಇವನ ಎದುರು ಆಡಿದ.

ಹಿಂದೆ ನನ್ನ ಜೊತೆ ಟಿವಿ ಮುಂದೆ ನಕ್ಕಿದ್ದ ಚಿಕ್ಕಪ್ಪನ ಮಗನಿಗೆ ಆ ಆಟದ ಒಂದು ತುಣುಕು ಕಳಿಸಿದೆ, ಹೆಸರು ಹೇಳದೆ, ಸುಮ್ನೆ. ಐದು ನಿಮಿಷಕ್ಕೆ ಉತ್ತರ ಬಂತು. "ಸಕತ್ತಾಗಿ ಆಡ್ತಾನಲ್ಲೋ, ಯಾರಿವನು ಹೊಸಬ?"