ಕ್ರೀಡಾ ಪುಟದಲ್ಲಿ ತಾಯಿಯೊಬ್ಬರ ನಿಧನ ವಾರ್ತೆ

ನಾನು ಮಂಗಳೂರಿನ ಕನ್ನಡ ದಿನಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ ಉಪಸಂಪಾದಕ. ಜನರು ಮೆಚ್ಚಿದ ಆಟಗಾರನೊಬ್ಬನ ತಾಯಿ ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಕಚೇರಿಗೆ ಬರುವ ಕರೆಗಳ ಸ್ವರವೇ ಬೇರೆಯಾಗಿರುತ್ತದೆ. ಸ್ಕೋರು ಕೇಳುವವರು, ತಂಡದ ಆಯ್ಕೆ ಸರಿಯಿಲ್ಲ ಎಂದು ವಾದಕ್ಕೆ ನಿಲ್ಲುವವರು ಅಂದು ಫೋನ್ ಎತ್ತಿಕೊಳ್ಳುವುದಿಲ್ಲ. ಕರೆ ಮಾಡಿದವರು ಮೊದಲು ಕೇಳುವುದು ಸುದ್ದಿ ನಿಜವೇ ಎಂದು. ಆಮೇಲೆ ಅವರಿಗೆ ಎಷ್ಟು ವಯಸ್ಸಾಗಿತ್ತು, ಏನಾಗಿತ್ತು, ಮಗ ಊರು ತಲುಪಿದನೇ ಎಂದು. ಮುಂದಿನ ಪಂದ್ಯದಲ್ಲಿ ಅವನು ಆಡುತ್ತಾನೆಯೇ ಎಂಬ ಪ್ರಶ್ನೆ ಅಭಿಮಾನಿಗಳ ಬಾಯಿಗೆ ಬರುವುದು ಬಹಳ ತಡವಾಗಿ, ಅದೂ ಸಂಕೋಚದಿಂದ. ಆದರೆ ಅದೇ ಸುದ್ದಿ ಕ್ರೀಡಾ ಪುಟದಲ್ಲಿ ಅಚ್ಚಾಗುವಾಗ ಈ ಕ್ರಮ ಬಹುಪಾಲು ತಲೆಕೆಳಗಾಗಿರುತ್ತದೆ. ಆಟಗಾರನ ಹೆಸರು, ಅವನ ದೊಡ್ಡ ಚಿತ್ರ, ಸರಣಿಯ ಉಳಿದ ಪಂದ್ಯಗಳಿಗೆ ಅವನು ಲಭ್ಯನೇ, ಅವನ ಬದಲಿಗೆ ಯಾರು ಎಂಬುದೆಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ತೀರಿಕೊಂಡವರು ಬರುತ್ತಾರೆ; ಅಲ್ಲಿಯೂ ಹೆಸರಿಲ್ಲದೆ, ಬರೀ ‘ತಾಯಿ’ಯಾಗಿ. ಓದುಗರು ಕೇಳುವ ಕ್ರಮದಲ್ಲಿಯೇ ಈ ಸುದ್ದಿಯನ್ನು ಬರೆಯಬೇಕು ಎನ್ನುವುದನ್ನು ನಾನು ಕಲಿತದ್ದು ಕ್ರೀಡಾ ವರದಿಗಳಿಂದಲ್ಲ, ಎರಡು ಪುಟ ಆಚೆಗಿರುವ ನಿಧನ ವಾರ್ತೆಯ ಅಂಕಣದಿಂದ.

ಕರಾವಳಿಯಲ್ಲಿ ಪತ್ರಿಕೆ ಓದುವವರಿಗೆ ಆ ಅಂಕಣದ ಪರಿಚಯ ಹೇಳಬೇಕಾಗಿಲ್ಲ. ಬೆಳಿಗ್ಗೆ ಪತ್ರಿಕೆ ಕೈಗೆ ಬಂದೊಡನೆ ಮುಖಪುಟಕ್ಕಿಂತ ಮೊದಲು ಅದನ್ನು ತೆರೆಯುವ ಮನೆಗಳು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವವರು ಊರಿನ ಸಾವುನೋವು ತಿಳಿಯಲು ಮೊಬೈಲಿನಲ್ಲಿ ಮೊದಲು ಹುಡುಕುವುದೂ ಅದನ್ನೇ. ಅದರ ಬರವಣಿಗೆಗೆ ಒಂದು ಗಟ್ಟಿಯಾದ ಕಟ್ಟುಪಾಡಿದೆ. ಮೊದಲು ಊರು, ಆಮೇಲೆ ತೀರಿಕೊಂಡವರ ಹೆಸರು, ಆವರಣದಲ್ಲಿ ವಯಸ್ಸು, ಅಲ್ಪಕಾಲದ ಅಸೌಖ್ಯವೋ ಹೃದಯಾಘಾತವೋ ಎಂಬ ಕಾರಣ, ಅವರು ಬದುಕಿನಲ್ಲಿ ಮಾಡಿಕೊಂಡಿದ್ದ ಕೆಲಸ, ದೇವಸ್ಥಾನ ಅಥವಾ ಭಜನಾ ಮಂಡಳಿ ಅಥವಾ ಇಗರ್ಜಿಯೊಂದಿಗೆ ಇದ್ದ ನಂಟು, ಕೊನೆಗೆ ಅವರು ಬಿಟ್ಟು ಅಗಲಿದ ಮನೆಯವರ ಪಟ್ಟಿ. ಮಗ ಎಷ್ಟೇ ದೊಡ್ಡ ಹುದ್ದೆಯಲ್ಲಿದ್ದರೂ ಅವನ ಜಾಗ ಆ ಕೊನೆಯ ಪಟ್ಟಿಯಲ್ಲಿಯೇ. ಬ್ಯಾಂಕಿನ ನಿವೃತ್ತ ಅಧಿಕಾರಿಗೂ ಜೀವಮಾನವಿಡೀ ಬೀಡಿ ಕಟ್ಟಿದ ಹೆಂಗಸಿಗೂ ಅಲ್ಲಿ ಒಂದೇ ಅಳತೆಯ ಭಾವಚಿತ್ರ. ಈ ಸಮಾನತೆಯನ್ನು ನಾನು ಪತ್ರಿಕೆಯ ಬೇರೆ ಯಾವ ಪುಟದಲ್ಲಿಯೂ ಕಂಡಿಲ್ಲ.

ಆಸ್ಟ್ರೇಲಿಯಾ ಕ್ರಿಕೆಟ್ ತಂಡದ ನಾಯಕ ಪ್ಯಾಟ್ ಕಮಿನ್ಸ್ ಅವರ ತಾಯಿ ಮರಿಯಾ ಕಮಿನ್ಸ್ ತೀರಿಕೊಂಡ ಸುದ್ದಿ 2023ರ ಮಾರ್ಚ್ 10ರಂದು ಬಂದಾಗ ಈ ಎರಡು ಪುಟಗಳ ನಡುವಿನ ಅಂತರ ನನಗೆ ಸ್ಪಷ್ಟವಾಗಿ ಕಂಡಿತು. ಅಹಮದಾಬಾದಿನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ನಾಲ್ಕನೇ ಟೆಸ್ಟಿನ ಎರಡನೇ ದಿನ ಅದು. ದೀರ್ಘಕಾಲದಿಂದ ಸ್ತನ ಕ್ಯಾನ್ಸರಿನಿಂದ ಬಳಲುತ್ತಿದ್ದ ತಾಯಿಯ ಬಳಿ ಇರಲು ಕಮಿನ್ಸ್ ದೆಹಲಿ ಟೆಸ್ಟ್ ಮುಗಿದೊಡನೆ ತವರಿಗೆ ಮರಳಿದ್ದರು. ಇಂದೋರ್ ಮತ್ತು ಅಹಮದಾಬಾದಿನಲ್ಲಿ ತಂಡವನ್ನು ಸ್ಟೀವ್ ಸ್ಮಿತ್ ಮುನ್ನಡೆಸಿದರು. ಅಂದು ಆಸ್ಟ್ರೇಲಿಯಾ ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಆಡಿದರು. ಎದುರಾಳಿ ತಂಡದ ನಾಯಕನ ತಾಯಿಗಾಗಿ ನಮ್ಮ ಊರಿನ ಅಭಿಮಾನಿಗಳು ಮರುಗಿದ ರೀತಿಯನ್ನು ನಾನು ಮರೆಯಲಾರೆ. ಸಂತಾಪದ ಸಂದೇಶಗಳಲ್ಲಿ ಆಟದ ಮಾತೇ ಇರಲಿಲ್ಲ. ಕೊನೆಯ ದಿನಗಳಲ್ಲಿ ಮಗ ಹತ್ತಿರವಿದ್ದನಲ್ಲ ಎಂಬ ಸಮಾಧಾನವೇ ಹೆಚ್ಚಿನವುಗಳಲ್ಲಿ ಕಂಡುಬಂತು.

ಆ ರಾತ್ರಿ ನಾವು ಸುದ್ದಿಯನ್ನು ಎರಡಾಗಿ ಬರೆದೆವು. ಸ್ಮಿತ್ ನಾಯಕತ್ವ, ಕಪ್ಪು ಪಟ್ಟಿ, ಉಸ್ಮಾನ್ ಖ್ವಾಜಾ ಅವರ 180 ರನ್ ಪಂದ್ಯದ ವರದಿಯಲ್ಲಿ ಉಳಿದವು. ಅದರ ಪಕ್ಕದಲ್ಲಿ ಒಂದು ಕಾಲಮಿನ ಪ್ರತ್ಯೇಕ ಸುದ್ದಿಯನ್ನು ‘ಮರಿಯಾ ಕಮಿನ್ಸ್ ನಿಧನ’ ಎಂಬ ಶೀರ್ಷಿಕೆಯೊಂದಿಗೆ ಕೊಟ್ಟೆವು; ಅವರು ಯಾರ ತಾಯಿ ಎಂಬುದು ಮೊದಲ ವಾಕ್ಯದಲ್ಲಿಯೇ ಬಂತು. ಆ ಹೆಸರನ್ನು ಶೀರ್ಷಿಕೆಯಲ್ಲಿ ಓದಿದರೆ ಮಂಗಳೂರಿನಲ್ಲಿ ಯಾರಿಗೆ ತಿಳಿಯುತ್ತದೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಅದು ತೂಕವಿರುವ ಪ್ರಶ್ನೆಯೇ. ನಮ್ಮ ಮುಖ್ಯ ಉಪಸಂಪಾದಕರು, ನಿಧನ ವಾರ್ತೆಯಲ್ಲಿ ಬರುವ ಹೆಸರುಗಳಲ್ಲಿ ಎಷ್ಟು ಮಂದಿಯ ಪರಿಚಯ ಎಲ್ಲ ಓದುಗರಿಗೂ ಇರುತ್ತದೆ, ಆದರೂ ಓದುತ್ತಾರಲ್ಲ ಎಂದು ಹೇಳಿ ಪುಟಕ್ಕೆ ಒಪ್ಪಿಗೆ ಕೊಟ್ಟರು. ಅದೇ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದ ಓದುಗರೊಬ್ಬರು, ತಾವು ಕ್ರಿಕೆಟ್ ನೋಡುವವರಲ್ಲ, ಆದರೆ ಆ ಸಣ್ಣ ಸುದ್ದಿಯನ್ನು ಪೂರ್ತಿ ಓದಿದೆ ಎಂದು ಮರುದಿನ ತಿಳಿಸಿದರು.

ಎಚ್ಚರಿಕೆಯ ಪಾಠವನ್ನು ಕಲಿಸಿದ್ದು 2024ರ ಫೆಬ್ರವರಿಯ ರಾಜ್‌ಕೋಟ್ ಟೆಸ್ಟ್. ಇಂಗ್ಲೆಂಡ್ ವಿರುದ್ಧದ ಆ ಪಂದ್ಯದ ಎರಡನೇ ದಿನ ಭಾರತದ ಬೌಲರ್ ಆರ್. ಅಶ್ವಿನ್ ತಮ್ಮ 500ನೇ ಟೆಸ್ಟ್ ವಿಕೆಟ್ ಪಡೆದರು. ಅದೇ ರಾತ್ರಿ, ಕುಟುಂಬದಲ್ಲಿನ ವೈದ್ಯಕೀಯ ತುರ್ತು ಸ್ಥಿತಿಯ ಕಾರಣ ಅವರು ಪಂದ್ಯದಿಂದ ಹಿಂದೆ ಸರಿದಿದ್ದಾರೆ ಎಂದು ಕ್ರಿಕೆಟ್ ಮಂಡಳಿ ಪ್ರಕಟಿಸಿತು. ಅಸ್ವಸ್ಥರಾದವರು ತಾಯಿ ಎಂಬುದು ಮಂಡಳಿಯ ಉಪಾಧ್ಯಕ್ಷರ ಹಾರೈಕೆಯ ಸಂದೇಶದಿಂದ ತಿಳಿಯಿತು. ಮರುದಿನ ಬೆಳಿಗ್ಗೆ ಭಾರತದ ಆಟಗಾರರು ಕಪ್ಪು ಪಟ್ಟಿ ಕಟ್ಟಿಕೊಂಡು ಮೈದಾನಕ್ಕಿಳಿದರು. ಆ ಪಟ್ಟಿ ಕೆಲವು ದಿನಗಳ ಹಿಂದೆ ನಿಧನರಾಗಿದ್ದ ಭಾರತ ತಂಡದ ಮಾಜಿ ನಾಯಕ ದತ್ತಾಜಿರಾವ್ ಗಾಯಕವಾಡ್ ಅವರ ನೆನಪಿಗಾಗಿ ಕಟ್ಟಿದ್ದು. ಆದರೆ ರಾತ್ರಿ ಅಶ್ವಿನ್ ಮನೆಗೆ ಹೋದದ್ದನ್ನು ಓದಿ ಬೆಳಿಗ್ಗೆ ಟಿವಿಯಲ್ಲಿ ಕಪ್ಪು ಪಟ್ಟಿ ಕಂಡವರ ಮನಸ್ಸು ಯಾವ ಕಡೆಗೆ ಹೋಗಬಹುದು ಎಂದು ಊಹಿಸುವುದು ಕಷ್ಟವಲ್ಲ. ನಮಗೂ ಕಳವಳದ ಕರೆಗಳು ಬಂದವು. ಕಪ್ಪು ಪಟ್ಟಿ ಯಾರಿಗಾಗಿ ಎಂಬುದನ್ನು ಜಾಲತಾಣದ ಸುದ್ದಿಯ ಮೊದಲ ಸಾಲಿನಲ್ಲಿಯೇ ಬರೆಯುವಂತೆ ಅಂದು ನೋಡಿಕೊಂಡೆವು. ತಾಯಿ ಚೇತರಿಸಿಕೊಳ್ಳುತ್ತಿದ್ದಂತೆ ಅಶ್ವಿನ್ ನಾಲ್ಕನೇ ದಿನ ತಂಡಕ್ಕೆ ಮರಳಿದರು. ಅಭಿಮಾನಿಗಳ ದುಃಖ ಎಷ್ಟು ಪ್ರಾಮಾಣಿಕವೋ ಅಷ್ಟೇ ಅವಸರದ್ದೂ ಆಗಿರುತ್ತದೆ. ಬದುಕಿರುವ ತಾಯಿಯೊಬ್ಬರಿಗೆ ಶ್ರದ್ಧಾಂಜಲಿ ಬರೆಯುವ ಪರಿಸ್ಥಿತಿಯನ್ನು ತಡೆಯುವುದು ಪತ್ರಿಕೆಯವರ ಮೊದಲ ಹೊಣೆ.

ಇವೆಲ್ಲ ದೂರದ ಸುದ್ದಿಗಳು. ಹತ್ತಿರದ್ದು ಬಂದಾಗ ಕೆಲಸ ಇನ್ನೂ ಕಠಿಣ. ಮಂಗಳೂರಿನಿಂದ ಉಡುಪಿಗೆ ಹೋಗುವ ದಾರಿಯ ಊರೊಂದರ ಕಬಡ್ಡಿ ಆಟಗಾರನ ತಾಯಿ ತೀರಿಕೊಂಡದ್ದು, ಆ ಭಾಗದ ದೊಡ್ಡ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಕ್ಕೆ ಕೆಲವೇ ದಿನಗಳಿರುವಾಗ. ದೂರದರ್ಶನದಲ್ಲಿ ಕಾಣಿಸುವ ಆಟಗಾರನಲ್ಲದಿದ್ದರೂ ಆತ ರೈಡಿಗೆ ಎದ್ದರೆ ಅಂಗಣದ ಸುತ್ತ ನಿಂತವರು ಉಸಿರು ಹಿಡಿಯುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಊರಿನ ವೃತ್ತದಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಏರಿತು. ಅದನ್ನು ನೋಡಿದ ನಮ್ಮ ಅರೆಕಾಲಿಕ ವರದಿಗಾರರು ಫೋನಿನಲ್ಲಿ ಹೇಳಿದ್ದು ಹೀಗೆ: “ಸರ್, ಅವರ ಹೆಸರನ್ನು ನೀವಾದರೂ ಸರಿಯಾಗಿ ಹಾಕಬೇಕು ಮಾರಾಯ್ರೆ. ಫ್ಲೆಕ್ಸಿನಲ್ಲಿ ‘ನಮ್ಮ ನೆಚ್ಚಿನ ಆಟಗಾರನ ಮಾತೃಶ್ರೀ’ ಅಂತ ಮಾತ್ರ ಉಂಟು.” ಫ್ಲೆಕ್ಸ್ ಹಾಕಿಸಿದ ಹುಡುಗರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆ ಹುಡುಗರಿಗೆ ಆಟಗಾರನ ತಾಯಿ ಎಂದೂ ಹೆಸರಿನಿಂದ ಪರಿಚಿತರಲ್ಲ. ಇಡೀ ತಂಡಕ್ಕೆ ಅವರು ಅಮ್ಮನೇ.

ಹೆಸರು ಮತ್ತು ವಯಸ್ಸನ್ನು ಮನೆಯವರಿಂದಲೇ, ಆದರೆ ಮಗನಿಂದಲ್ಲ, ಚಿಕ್ಕಪ್ಪನೊಬ್ಬರಿಂದ ಕೇಳಿ ತಿಳಿದುಕೊಂಡೆವು. ಉಳಿದುದನ್ನು ಅಭಿಮಾನಿಗಳು ತಾವಾಗಿಯೇ ಹೇಳಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ಅವರನ್ನು ನೀವು ಹೇಗೆ ಬಲ್ಲಿರಿ? ಅದಕ್ಕೆ ಬಂದ ಉತ್ತರಗಳಲ್ಲಿ ಮಗನ ಸಾಧನೆ ಹಿಂದಕ್ಕೆ ಸರಿದು ಒಬ್ಬ ಹೆಂಗಸಿನ ಬದುಕು ಮುಂದೆ ಬಂತು. ಬೀಡಿ ಕಟ್ಟಿ, ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಕೊಟ್ಟು ಬಂದ ಹಣದಲ್ಲಿ ಮನೆ ನಡೆಸಿದವರು. ಅಭ್ಯಾಸ ಮುಗಿಸಿ ಬರುವ ಹುಡುಗರಿಗಾಗಿ ಕುಚ್ಚಲಕ್ಕಿ ಗಂಜಿಯ ಪಾತ್ರೆಯನ್ನು ದೊಡ್ಡದು ಮಾಡಿಕೊಂಡವರು. ಗಾಯವಾದ ಮೊಣಕಾಲಿಗೆ ಎಣ್ಣೆ ಹಚ್ಚುತ್ತಾ ಬೈಯುತ್ತಿದ್ದವರು. ಪಂದ್ಯಾಟಕ್ಕೆ ತಪ್ಪದೆ ಬರುತ್ತಿದ್ದರೂ ಮಗ ರೈಡಿಗೆ ಹೋದಾಗ ಅವರು ನೋಡುತ್ತಿರಲಿಲ್ಲವಂತೆ. ತಲೆ ಬಗ್ಗಿಸಿ ಕುಳಿತು, ಪಕ್ಕದವರನ್ನು “ಬತ್ತೆನಾ?” (ಬಂದನಾ?) ಎಂದು ತುಳುವಿನಲ್ಲಿ ಕೇಳಿ, ಬಂದ ಎಂದು ಖಚಿತವಾದ ಮೇಲೆಯೇ ಕಣ್ಣೆತ್ತುತ್ತಿದ್ದರಂತೆ. ಇದನ್ನು ಒಬ್ಬರಲ್ಲ, ಬೇರೆ ಬೇರೆ ಊರಿನ ಹಲವರು ಹೇಳಿದರು. ಎದುರಾಳಿ ತಂಡದ ಆಟಗಾರನೊಬ್ಬನೂ ಹೇಳಿದ. ಅಭಿಮಾನಿಗಳು ಯಾರದೋ ತಾಯಿಗಾಗಿ ಏಕೆ ಅಳುತ್ತಾರೆ ಎಂದು ಕೇಳುವವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆಯನ್ನು ನಾನು ಕೊಡಲಾರೆ. ಗ್ಯಾಲರಿಯಲ್ಲಿ ಅವರ ಪಕ್ಕದಲ್ಲಿ ಕುಳಿತು ಮಗ ಬಂದ ಎಂದು ಹೇಳಿದವರು ಈ ಅಭಿಮಾನಿಗಳೇ.

ನಮ್ಮ ಸುದ್ದಿ ನಿಧನ ವಾರ್ತೆಯ ಕ್ರಮದಲ್ಲಿಯೇ ಹೋಯಿತು: ಊರು, ಹೆಸರು, ವಯಸ್ಸು, ಬೀಡಿ ಕಟ್ಟುವ ಕೆಲಸ, ತಂಡದ ಹುಡುಗರಿಗೆ ಅವರು ಇಟ್ಟಿದ್ದ ಅಕ್ಕರೆ, ಅವರು ಬಿಟ್ಟು ಅಗಲಿದ ಮನೆಯವರ ಪಟ್ಟಿಯಲ್ಲಿ ಕಬಡ್ಡಿ ಆಟಗಾರನಾದ ಮಗ. ಪಂದ್ಯಾಟದಲ್ಲಿ ಆತ ಆಡುವುದಿಲ್ಲ ಎಂಬುದು ಬೇರೆ ದಿನ, ಪಂದ್ಯಾಟದ ಸುದ್ದಿಯಲ್ಲಿ ಒಂದು ಸಾಲಾಗಿ ಬಂತು. ಉತ್ತರಕ್ರಿಯೆ ಮುಗಿಯುವ ತನಕ ಆತ ಅಂಗಣಕ್ಕೆ ಇಳಿಯಲಿಲ್ಲ, ಸಂಘಟಕರೂ ಒತ್ತಾಯಿಸಲಿಲ್ಲ.

ಈ ಕೊನೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಕ್ರೀಡಾ ಪತ್ರಕರ್ತರಾದ ನಮಗೆ ದುಃಖವನ್ನು ನುಂಗಿ ಆಡಿದವರ ಕಥೆಗಳು ಬಲು ಇಷ್ಟ. 1999ರ ವಿಶ್ವಕಪ್ ನಡುವೆ ತಂದೆಯನ್ನು ಕಳೆದುಕೊಂಡು ಊರಿಗೆ ಬಂದಿದ್ದ ಸಚಿನ್ ತೆಂಡೂಲ್ಕರ್ ಇಂಗ್ಲೆಂಡಿಗೆ ಮರಳಿ ಕೀನ್ಯಾ ವಿರುದ್ಧ ಅಜೇಯ 140 ರನ್ ಹೊಡೆದದ್ದು, 2006ರ ಡಿಸೆಂಬರಿನಲ್ಲಿ ನಮ್ಮ ಕರ್ನಾಟಕ ತಂಡದ ವಿರುದ್ಧದ ರಣಜಿ ಪಂದ್ಯದ ನಡುವೆ ತಂದೆ ತೀರಿಕೊಂಡ ಬೆಳಿಗ್ಗೆಯೇ ವಿರಾಟ್ ಕೊಹ್ಲಿ ಬ್ಯಾಟ್ ಹಿಡಿದು 90 ರನ್ ಗಳಿಸಿದ್ದು, 2008ರ ಏಪ್ರಿಲಿನಲ್ಲಿ ತಾಯಿಯನ್ನು ಕಳೆದುಕೊಂಡ ಚೆಲ್ಸಿ ಫುಟ್‌ಬಾಲ್ ತಂಡದ ಫ್ರಾಂಕ್ ಲ್ಯಾಂಪಾರ್ಡ್ ಕೆಲವೇ ದಿನಗಳಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲಿನಲ್ಲಿ ಲಿವರ್‌ಪೂಲ್ ವಿರುದ್ಧ ಪೆನಾಲ್ಟಿ ಗೋಲು ಹೊಡೆದದ್ದು, ಇವೆಲ್ಲ ನಿಜವಾಗಿಯೂ ದೊಡ್ಡ ಸಂಗತಿಗಳು. 2019ರ ನವೆಂಬರಿನಲ್ಲಿ ಆಸ್ಟ್ರೇಲಿಯಾ ಪ್ರವಾಸದಲ್ಲಿರುವಾಗ ತಾಯಿಯನ್ನು ಕಳೆದುಕೊಂಡ ಪಾಕಿಸ್ತಾನದ ನಸೀಮ್ ಶಾ ತಂಡದೊಂದಿಗೆ ಉಳಿದು ಅದೇ ತಿಂಗಳು ಬ್ರಿಸ್ಬೇನಿನಲ್ಲಿ ಚೊಚ್ಚಲ ಟೆಸ್ಟ್ ಆಡಿದಾಗ ಅವರ ವಯಸ್ಸು 16. ಆದರೆ ಪ್ರತಿ ಸಾವಿನ ಸುದ್ದಿಯೊಂದಿಗೂ ಈ ಕಥೆಗಳನ್ನು ಜೋಡಿಸಿ ಬರೆದರೆ, ಆಡದೆ ಮನೆಯಲ್ಲಿ ಉಳಿದವನು ಏನೋ ಕಡಿಮೆ ಮಾಡಿದ ಎಂಬ ಅರ್ಥ ತಾನಾಗಿಯೇ ಹೊರಡುತ್ತದೆ. ಸರಣಿಯ ನಡುವೆ ನಾಯಕತ್ವವನ್ನು ಬಿಟ್ಟು ತಾಯಿಯ ಹಾಸಿಗೆಯ ಪಕ್ಕಕ್ಕೆ ಹೋದ ಕಮಿನ್ಸ್ ನಿರ್ಧಾರಕ್ಕೆ ಯಾವ ಶತಕದ ಜೊತೆಗೂ ಹೋಲಿಕೆ ಬೇಕಾಗಿಲ್ಲ. ಆದ್ದರಿಂದ ನಿಧನದ ದಿನದ ಸುದ್ದಿಯಲ್ಲಿ ಇಂಥ ಹಳೆಯ ಉದಾಹರಣೆಗಳ ಪೆಟ್ಟಿಗೆ ಹಾಕುವುದನ್ನು ನಮ್ಮ ಪುಟದಲ್ಲಿ ನಿಲ್ಲಿಸಿದ್ದೇವೆ.

ನಮ್ಮ ನೆರೆಯ ಜಿಲ್ಲೆಯ ಕಡೂರಿನವರಾದ ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿ ಅವರ ನೆನಪು ಇಲ್ಲಿ ಬಾರದೆ ಇರದು. 2017ರ ಮಹಿಳಾ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70 ರನ್ ಗಳಿಸಿ ಭಾರತವನ್ನು ಸೆಮಿಫೈನಲಿಗೆ ಒಯ್ಯಲು ನೆರವಾದ ಅವರು, 2021ರ ಏಪ್ರಿಲಿನಲ್ಲಿ ಕೋವಿಡ್‌ನಿಂದ ತಾಯಿಯನ್ನೂ ಎರಡು ವಾರ ಕಳೆಯುವಷ್ಟರಲ್ಲಿ ಅಕ್ಕನನ್ನೂ ಕಳೆದುಕೊಂಡರು. ಭಾರತದ ಕ್ರಿಕೆಟ್ ಮಂಡಳಿಯಿಂದ ಅವರನ್ನು ಯಾರೂ ವಿಚಾರಿಸಲಿಲ್ಲವೆಂದು ಆಸ್ಟ್ರೇಲಿಯಾದ ಮಾಜಿ ನಾಯಕಿ ಲಿಸಾ ಸ್ಥಳೇಕರ್ ಬಹಿರಂಗವಾಗಿ ಆಕ್ಷೇಪಿಸಿದರು. ಆ ಬಳಿಕ ಮಂಡಳಿಯ ಕಾರ್ಯದರ್ಶಿ ಕರೆ ಮಾಡಿ ಮಾತನಾಡಿದ್ದಕ್ಕೆ ವೇದಾ ಕೃತಜ್ಞತೆ ಹೇಳಿದರು. ಅಭಿಮಾನಿಗಳ ಸಂದೇಶಗಳು ಮೊದಲ ಎರಡು ದಿನ ಮಳೆಯಂತೆ ಸುರಿದು ನಿಂತುಬಿಡುತ್ತವೆ ಎಂಬುದನ್ನು ನಾನು ಗಮನಿಸಿದ್ದೇನೆ. ಹಾಗಾಗಿ ಸ್ಥಳೀಯ ಆಟಗಾರರ ವಿಷಯದಲ್ಲಿ ನಮ್ಮ ವರದಿಗಾರರು ಉತ್ತರಕ್ರಿಯೆ ಕಳೆದು ಒಂದೆರಡು ವಾರವಾದ ಮೇಲೆ, ಯಾವ ಸುದ್ದಿಯ ಉದ್ದೇಶವೂ ಇಲ್ಲದೆ, ಒಮ್ಮೆ ಮಾತನಾಡಿಸಿ ಬರುತ್ತಾರೆ. ಅದನ್ನು ಬರೆಯಬಾರದು ಎಂಬ ಒಪ್ಪಂದವೂ ನಮ್ಮೊಳಗೆ ಇದೆ.

ಈಗ ಇಂಥ ಸುದ್ದಿ ಬಂದಾಗ ಮೊದಲ ಕರಡನ್ನು ನಿಧನ ವಾರ್ತೆ ನೋಡಿಕೊಳ್ಳುವ ಹಿರಿಯ ಸಹೋದ್ಯೋಗಿಯೇ ಬರೆಯುತ್ತಾರೆ, ಕ್ರೀಡಾ ವಿಭಾಗದವರು ಆಟಕ್ಕೆ ಸಂಬಂಧಿಸಿದ ವಿವರಗಳನ್ನು ಮಾತ್ರ ಸೇರಿಸುತ್ತೇವೆ. ತೀರಿಕೊಂಡವರ ಭಾವಚಿತ್ರವನ್ನು ಕುಟುಂಬದವರು ಕೊಟ್ಟರಷ್ಟೇ ಬಳಸುತ್ತೇವೆ. ಅಂತ್ಯಕ್ರಿಯೆಯಲ್ಲಿ ಮಗ ಅಥವಾ ಮಗಳು ಅಳುತ್ತಿರುವ ಚಿತ್ರ ಯಾರು ಕಳುಹಿಸಿದರೂ ಹಾಕುವುದಿಲ್ಲ. ಮೊಬೈಲಿಗೆ ಹೋಗುವ ಒಂದು ಸಾಲಿನ ಸೂಚನೆಯ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಆಟಗಾರನ ಹೆಸರೊಂದೇ ಸಾಕು, ಇಲ್ಲದಿದ್ದರೆ ಯಾರೂ ತೆರೆಯುವುದಿಲ್ಲ ಎಂದು ಜಾಲತಾಣದ ತಂಡದವರು ವಾದಿಸುತ್ತಾರೆ. ಎರಡು ಹೆಸರುಗಳಿಗೂ ಅಲ್ಲಿ ಸ್ಥಳವಿದೆ ಎಂದು ನಾನು ಸಾಲುಗಳನ್ನು ಬರೆದು ತೋರಿಸುತ್ತಿದ್ದೇನೆ.